ಅಕ್ಕಲಕೋಟೆಯ ಕನ್ನಡ ಮಕ್ಕಳು ಮತ್ತು ನೌಕರಿಯ ಬಾಗಿಲು

ಮಕ್ಕಳನ್ನು ಕರ್ನಾಟಕದ ಸಿ.ಇ.ಟಿ. ಪರೀಕ್ಷೆಗೆ ಕೂರಿಸಿದ ನಮ್ಮ ಜಿಲ್ಲೆಯ ಹೆತ್ತವರು ಅರ್ಜಿಯ ಕೈಪಿಡಿಯಲ್ಲಿ ಒಂದು ಸಾಲನ್ನು ಓದಿಯೇ ಇರುತ್ತಾರೆ. ಗಡಿನಾಡ ಕನ್ನಡಿಗರಿಗೆ ಅರ್ಹತೆ ಕೊಡುವ ಆ ಸಾಲಿನಲ್ಲಿ ಕಾಸರಗೋಡು, ಹೊಸದುರ್ಗ, ಮಂಜೇಶ್ವರಗಳ ಪಕ್ಕದಲ್ಲೇ ಮಹಾರಾಷ್ಟ್ರದ ದಕ್ಷಿಣ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ, ಗಡಹಿಂಗ್ಲಜ ತಾಲೂಕುಗಳ ಹೆಸರುಗಳಿವೆ. ಕಾಗದದ ಮೇಲೆ ನಾವೂ ಅವರೂ ಒಂದೇ ಪಂಕ್ತಿಯವರು. ೧೯೬೭ರ ಮಹಾಜನ ಆಯೋಗದ ವರದಿಯಲ್ಲಿಯೂ ಚಂದ್ರಗಿರಿಯ ಉತ್ತರದ ಭಾಗವನ್ನು ಮತ್ತು ಅಕ್ಕಲಕೋಟೆಯನ್ನು ಒಟ್ಟಿಗೇ ಹೇಳಿದ್ದರು. ಆದರೆ ಅಕ್ಕಲಕೋಟೆಯನ್ನು ಕಣ್ಣಾರೆ ಕಂಡವರು ನಮ್ಮಲ್ಲಿ ಎಷ್ಟು ಮಂದಿ? ಸ್ವಾಮಿ ಸಮರ್ಥರ ದರ್ಶನಕ್ಕೆ ಹೋದ ಕೆಲವರನ್ನು ಬಿಟ್ಟರೆ ಇಲ್ಲವೆಂದೇ ಹೇಳಬೇಕು.

ನಾವು ಧಾರವಾಡದಲ್ಲಿ ಟಿ.ಸಿ.ಎಚ್. ಕಲಿಯುತ್ತಿದ್ದಾಗ ನಮ್ಮ ಕೊಠಡಿಯ ಗೆಳೆಯರೊಬ್ಬರು ಅಕ್ಕಲಕೋಟೆ ತಾಲೂಕಿನವರಾಗಿದ್ದರು. ಅವರ ಜೋಳದ ರೊಟ್ಟಿಗೂ ನಮ್ಮ ಕುಚ್ಚಿಲಕ್ಕಿ ಗಂಜಿಗೂ ಹೊಂದಿಕೆಯಾಗದಿದ್ದರೂ, ಪರರಾಜ್ಯದಿಂದ ಬಂದ ಕನ್ನಡಿಗರೆಂಬ ಒಂದೇ ಕಾರಣಕ್ಕೆ ನಮಗೆ ಸ್ನೇಹ ಬೆಳೆಯಿತು. ಇಪ್ಪತ್ತೈದು ವರ್ಷಗಳಿಂದ ಬನ್ನಿ ಬನ್ನಿ ಎಂದು ಕರೆಯುತ್ತಲೇ ಇದ್ದರು. ೨೦೨೫ರ ಬೇಸಗೆ ರಜೆಯಲ್ಲಿ ಕೊನೆಗೂ ಹೋಗಿಬಂದೆವು. ಮಂಗಳೂರಿನಿಂದ ರೈಲಿನಲ್ಲಿ ವಿಜಯಪುರ, ಅಲ್ಲಿಂದ ಸೊಲ್ಲಾಪುರ, ಸೊಲ್ಲಾಪುರದಿಂದ ಬಸ್ಸಿನಲ್ಲಿ ನಲ್ವತ್ತು ಕಿಲೋಮೀಟರು ಹೋದರೆ ಅಕ್ಕಲಕೋಟೆ. ನೋಡಲು ಹೋದುದು ಗೆಳೆಯರನ್ನು. ಆದರೆ ಅಲ್ಲಿದ್ದ ನಾಲ್ಕು ದಿನಗಳಲ್ಲಿ ಹೆಚ್ಚಿನ ಮಾತುಕತೆ ನಡೆದದ್ದು ಅವರ ಮಗಳ ಮತ್ತು ಮಗನ ನೌಕರಿಯ ವಿಷಯದಲ್ಲಿ. ಅಲ್ಲಿ ಕೇಳಿದ್ದು ನಮ್ಮ ಓದುಗರ ಮನೆಯ ಮಾತೂ ಆಗಿರುವುದರಿಂದ ಇಲ್ಲಿ ಬರೆಯುತ್ತಿದ್ದೇವೆ.

ಊರಿನ ಪರಿಸ್ಥಿತಿ

ಸೊಲ್ಲಾಪುರವೆಂದರೆ ಚಾದರ ಎನ್ನುವಷ್ಟು ಆ ಊರಿನ ನೇಯ್ಗೆ ಹೆಸರುವಾಸಿ. ಸಿದ್ಧರಾಮೇಶ್ವರರ ಊರು ಅದು. ಪೇಟೆಯಲ್ಲಿ ಮರಾಠಿ, ಕನ್ನಡ, ತೆಲುಗು, ಉರ್ದು ನಾಲ್ಕೂ ಕಿವಿಗೆ ಬೀಳುತ್ತವೆ. ತೆಲುಗು ಪದ್ಮಶಾಲಿಗಳು ಮಗ್ಗ ನಡೆಸಿದರೆ, ಸುತ್ತಲ ಹಳ್ಳಿಗಳ ಕನ್ನಡಿಗರು ಗಿರಣಿಗಳಲ್ಲಿ ಕೂಲಿ ಮಾಡಿ ಸಂಸಾರ ಸಾಗಿಸಿದರು. ೧೮೭೭ರಲ್ಲಿ ಆರಂಭವಾದ, ಜನ ಹಳೇ ಗಿರಣಿ ಎಂದು ಕರೆಯುತ್ತಿದ್ದ ದೊಡ್ಡ ಬಟ್ಟೆ ಗಿರಣಿ ೧೯೬೦ರ ದಶಕದಲ್ಲಿ ಮುಚ್ಚಿತು. ಆಮೇಲೆ ಉಳಿದ ಹಳೆಯ ಗಿರಣಿಗಳೂ ಒಂದೊಂದಾಗಿ ನಿಂತವು. ಈಗ ಉಳಿದಿರುವುದು ವಿದ್ಯುತ್ ಮಗ್ಗಗಳು ಮತ್ತು ಮನೆಮನೆಯಲ್ಲಿ ಹೆಂಗಸರು ಸುತ್ತುವ ಬೀಡಿ. ನಮ್ಮ ಜಿಲ್ಲೆಯವರಿಗೆ ಬೀಡಿಯ ಲೆಕ್ಕವನ್ನು ಹೇಳಿಕೊಡಬೇಕಾಗಿಲ್ಲ.

ಅಕ್ಕಲಕೋಟೆ ತಾಲೂಕು ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ ತಾಲೂಕುಗಳಿಗೆ ಅಂಟಿಕೊಂಡಿದೆ. ದುಧನಿ, ಮೈಂದರ್ಗಿ, ನಾಗಣಸೂರುಗಳ ಕಡೆ ಮನೆಯ ಮಾತು ಕನ್ನಡ. ಮಳೆ ಕಡಿಮೆ, ಜೋಳ ತೊಗರಿಯ ಬೇಸಾಯ. ೨೦೨೨ರ ಕೊನೆಯಲ್ಲಿ ಅಲ್ಲಿನ ಕೆಲವು ಗ್ರಾಮಗಳು ನೀರು, ರಸ್ತೆ ಕೊಡಿ, ಇಲ್ಲವಾದರೆ ಕರ್ನಾಟಕಕ್ಕೆ ಸೇರಿಸಿ ಎಂದು ಠರಾವು ಮಾಡಿದ್ದನ್ನು ಓದುಗರು ನೆನಪಿಸಿಕೊಳ್ಳಬಹುದು. ಗಿರಣಿ ಇಲ್ಲ, ಹೊಲ ನಂಬುವಂತಿಲ್ಲ ಎಂದಾಗ ಓದಿದ ಮಕ್ಕಳಿಗೆ ಉಳಿಯುವುದು ಸಂಬಳದ ನೌಕರಿಯೊಂದೇ. ಆದುದರಿಂದಲೇ ಅಲ್ಲಿ ನೌಕರಿಯ ಅರ್ಜಿಯೆಂದರೆ ಇಡೀ ಮನೆಯವರು ಕುಳಿತು ತುಂಬುವ ಕಾಗದ.

ಮಗಳ ಕಡತ

ಗೆಳೆಯರ ಮಗಳಿಗೆ ಇಪ್ಪತ್ತನಾಲ್ಕು ವರ್ಷ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮ. ಪಠ್ಯಪುಸ್ತಕಗಳು ಪುಣೆಯ ಬಾಲಭಾರತಿಯವು. ಬಾಲಭಾರತಿ ಪುಸ್ತಕ ಅಚ್ಚು ಹಾಕಿಸುವ ಎಂಟು ಭಾಷೆಗಳಲ್ಲಿ ಕನ್ನಡವೂ ಒಂದು. ಮುಂದೆ ಅಧ್ಯಾಪಕ ತರಬೇತಿಯ ಡಿಪ್ಲೊಮಾ. ೨೦೨೨ರಲ್ಲಿ ಅದು ಮುಗಿಯಿತು. ನಾವು ಹೋದ ದಿನ ಸಂಜೆ ಆಕೆ ಒಂದು ಕಡತವನ್ನು ತಂದು ನಮ್ಮ ಮುಂದೆ ಇಟ್ಟಳು. ಮೂರು ವರ್ಷಗಳ ಕಾಯುವಿಕೆ ಅದರೊಳಗಿತ್ತು.

ಅದು ಅರ್ಥವಾಗಬೇಕಾದರೆ ಅಲ್ಲಿನ ಶಿಕ್ಷಕರ ನೇಮಕಾತಿಯ ಕ್ರಮ ತಿಳಿಯಬೇಕು. ಮಹಾರಾಷ್ಟ್ರದಲ್ಲಿ ೨೦೧೦ರಲ್ಲಿ ಪ್ರಾಥಮಿಕ ಶಿಕ್ಷಕರ ಆಯ್ಕೆಗೆ ಒಂದು ಪರೀಕ್ಷೆ ನಡೆಯಿತು. ೨೦೧೨ರ ಮೇ ತಿಂಗಳಲ್ಲಿ ಸರಕಾರ ಶಿಕ್ಷಕರ ನೇಮಕಾತಿಯನ್ನು ತಡೆಹಿಡಿಯಿತು. ಐದು ವರ್ಷಗಳ ನಂತರ, ೨೦೧೭ರಲ್ಲಿ, ಪವಿತ್ರ ಎಂಬ ಹೆಸರಿನ ಗಣಕ ವ್ಯವಸ್ಥೆ ಬಂತು. ಜಿಲ್ಲಾ ಪರಿಷತ್ತಿನ ಶಾಲೆಗಳಿಗೂ ಅನುದಾನಿತ ಖಾಸಗಿ ಶಾಲೆಗಳಿಗೂ ಅದರ ಮೂಲಕವೇ ಅಭ್ಯರ್ಥಿಗಳು ಬರಬೇಕೆಂದು ನಿಯಮವಾಯಿತು. ಉದ್ದೇಶ ಒಳ್ಳೆಯದೇ. ಲಂಚ, ವಶೀಲಿಗಳಿಗೆ ಕಡಿವಾಣ ಹಾಕುವುದು. ಅದಕ್ಕಾಗಿ ೨೦೧೭ರ ಡಿಸೆಂಬರಿನಲ್ಲಿ ಶಿಕ್ಷಕರ ಅಭಿಯೋಗ್ಯತೆ ಮತ್ತು ಬುದ್ಧಿಮತ್ತೆ ಪರೀಕ್ಷೆಯನ್ನು ನಡೆಸಿದರು. ಆ ಪರೀಕ್ಷೆಯ ಆಯ್ಕೆಪಟ್ಟಿ ಹೊರಬಂದದ್ದು ೨೦೧೯ರಲ್ಲಿ. ಎರಡನೆಯ ಪರೀಕ್ಷೆ ೨೦೨೩ರ ಫೆಬ್ರವರಿ, ಮಾರ್ಚಿನಲ್ಲಿ. ಅದರ ಪಟ್ಟಿ ೨೦೨೪ರ ಫೆಬ್ರವರಿಯಲ್ಲಿ. ಮೂರನೆಯದು ೨೦೨೫ರ ಮೇ, ಜೂನ್ ತಿಂಗಳುಗಳಲ್ಲಿ.

ಇದಲ್ಲದೆ ಶಿಕ್ಷಕ ಅರ್ಹತಾ ಪರೀಕ್ಷೆ, ಅಂದರೆ ಟಿ.ಇ.ಟಿ., ಬೇರೆಯೇ ಇದೆ. ರಾಜ್ಯದ ಟಿ.ಇ.ಟಿ. ೨೦೨೧ರ ನವೆಂಬರಿನಲ್ಲಿ ನಡೆದ ಮೇಲೆ ಮತ್ತೆ ನಡೆದದ್ದು ೨೦೨೪ರ ನವೆಂಬರಿನಲ್ಲಿ. ನಡುವಿನ ಮೂರು ವರ್ಷಗಳಲ್ಲಿ ತರಬೇತಿ ಮುಗಿಸಿದವರು ಆ ಪರೀಕ್ಷೆ ಬರೆಯಲು ಅವಕಾಶವಿಲ್ಲದೆ ಕುಳಿತರು. ಕೇಂದ್ರದ ಸಿ.ಟಿ.ಇ.ಟಿ. ಇದೆಯಲ್ಲ ಎಂದು ಕೆಲವರು ಕೇಳಬಹುದು. ಅದರಲ್ಲಿ ಕನ್ನಡವನ್ನು ಒಂದು ಭಾಷೆಯಾಗಿ ಆರಿಸಿಕೊಳ್ಳಬಹುದಾದರೂ, ಗಣಿತ, ಪರಿಸರ, ಮಕ್ಕಳ ಮನೋವಿಜ್ಞಾನದ ಪ್ರಶ್ನೆಗಳು ಹಿಂದಿ ಮತ್ತು ಇಂಗ್ಲಿಷಿನಲ್ಲಿ ಮಾತ್ರ. ಹತ್ತು ವರ್ಷ ಕನ್ನಡದಲ್ಲಿ ಗಣಿತ ಕಲಿತ ಹುಡುಗಿ ಅಲ್ಲಿಯೂ ಎಡವಿದಳು. ಮೊದಲೇ ೨೦೧೯-೨೦ರ ರಾಜ್ಯ ಟಿ.ಇ.ಟಿ.ಯಲ್ಲಿ ಅಂಕ ತಿದ್ದಿದ ಹಗರಣ ಬಯಲಾಗಿ, ೨೦೨೨ರಲ್ಲಿ ಏಳು ಸಾವಿರಕ್ಕೂ ಹೆಚ್ಚು ಅಭ್ಯರ್ಥಿಗಳನ್ನು ಪರೀಕ್ಷಾ ಪರಿಷತ್ತು ಅನರ್ಹಗೊಳಿಸಿತ್ತು. ಹಣ ಕೊಟ್ಟವರು ಸಿಕ್ಕಿಬಿದ್ದರು ಸರಿ. ಆದರೆ ಪ್ರಾಮಾಣಿಕವಾಗಿ ಓದಿದವರಿಗೂ ಪರೀಕ್ಷೆಯ ಮೇಲಿನ ನಂಬಿಕೆ ಹೋಯಿತು.

ಹೀಗೆ ಒಂದು ಪರೀಕ್ಷೆ ಬಂದಾಗ ಇನ್ನೊಂದು ಇಲ್ಲ, ಎರಡೂ ಬಂದಾಗ ಪಟ್ಟಿ ಇಲ್ಲ. ಪಟ್ಟಿ ಬಂದರೂ ಮೊದಲ ಮೂರು ವರ್ಷ ಶಿಕ್ಷಣ ಸೇವಕರೆಂದು ಗೌರವಧನದ ದುಡಿಮೆ. ಪ್ರಾಥಮಿಕ ಶಾಲೆಯಲ್ಲಿ ಈ ಗೌರವಧನ ಬಹಳ ಕಾಲ ಆರು ಸಾವಿರ ರೂಪಾಯಿಯಾಗಿದ್ದು, ೨೦೨೩ರ ಜನವರಿಯಿಂದ ಹದಿನಾರು ಸಾವಿರಕ್ಕೆ ಏರಿದೆ. "ಮದುವಿ ಮಾಡ್ರಿ ಅಂತಾರ, ಸರ. ಪರೀಕ್ಷಾ ಯಾವಾಗ ಅಂತ ಗೊತ್ತಿಲ್ಲದ ಎಷ್ಟ ದಿನ ಮನ್ಯಾಗ ಕೂರಸೂದು?" ಎಂದು ತಾಯಿ ಹೇಳಿದರು. ಮಗಳು ತಲೆತಗ್ಗಿಸಿ ಕಡತದ ದಾರವನ್ನು ಕಟ್ಟಿದಳು. ಪರೀಕ್ಷೆಯ ದಿನಾಂಕ ತಡವಾಗುವುದೆಂದರೆ ಕಚೇರಿಯವರಿಗೆ ಒಂದು ಕಡತ ತಡವಾದಂತೆ. ಆದರೆ ಹೆಣ್ಣುಮಗಳೊಬ್ಬಳಿಗೆ ಅದು ದುಡಿಯುವ ಅವಕಾಶವೇ ತಪ್ಪಿಹೋದಂತೆ.

ಮಗನ ಪರೀಕ್ಷೆ

ಮಗನದು ಇನ್ನೊಂದು ಕಥೆ. ಬಿ.ಎ. ಮುಗಿಸಿದ ಅವನು ೨೦೨೩ರ ತಲಾಠಿ ಪರೀಕ್ಷೆಗೆ ಕಟ್ಟಿದ್ದ. ತಲಾಠಿಯೆಂದರೆ ನಮ್ಮ ಗ್ರಾಮಾಧಿಕಾರಿಯ ಕಚೇರಿಯ ಕೆಲಸಕ್ಕೆ ಸಮಾನವಾದ ಹುದ್ದೆ. ೪,೬೪೪ ಹುದ್ದೆಗಳಿಗೆ ಅರ್ಜಿ ಕರೆದಾಗ ಬಂದ ಅರ್ಜಿಗಳು ಹತ್ತು ಲಕ್ಷಕ್ಕೂ ಮೇಲೆ. ಅರ್ಜಿಯ ಶುಲ್ಕ ಸಾಮಾನ್ಯ ವರ್ಗಕ್ಕೆ ಸಾವಿರ ರೂಪಾಯಿ, ಮೀಸಲು ವರ್ಗಕ್ಕೆ ಒಂಬೈನೂರು. ನೂರು ಪ್ರಶ್ನೆಗಳಿಗೆ ಇನ್ನೂರು ಅಂಕ. ಅದರಲ್ಲಿ ಇಪ್ಪತ್ತೈದು ಪ್ರಶ್ನೆ, ಐವತ್ತು ಅಂಕ ಮರಾಠಿಗೆ.

ಮರಾಠಿ ಬರುವುದಿಲ್ಲವೇ ಎಂದು ಕೇಳಿದೆವು. ಅವನು ನಕ್ಕು ಹೇಳಿದ: "ಬರ್ತೈತ್ರಿ ಸರ. ಬಜಾರದಾಗ, ಬಸ್ಸಿನ್ಯಾಗ, ಕಚೇರ್ಯಾಗ ಎಲ್ಲಾ ಮರಾಠಿನ ಮಾತಾಡ್ತೀನಿ. ಆದರ ಪರೀಕ್ಷಾದಾಗಿನ ಮರಾಠಿ ಬ್ಯಾರೇನ ಐತ್ರಿ." ಸಮಾಸ, ಅಲಂಕಾರ, ನುಡಿಗಟ್ಟು, ವೃತ್ತ. ಒಂದನೆಯ ತರಗತಿಯಿಂದ ಮರಾಠಿಯಲ್ಲೇ ಓದಿದ ಹುಡುಗನಿಗೆ ಬಾಯಿಗೆ ಬರುವ ಉತ್ತರ ಇವನಿಗೆ ಬರುವುದಿಲ್ಲ. ಹತ್ತು ಲಕ್ಷ ಮಂದಿಯ ನಡುವೆ ಹತ್ತು ಅಂಕ ಕಡಿಮೆಯಾದರೆ ಹೆಸರು ಎಷ್ಟು ಕೆಳಗೆ ಹೋಗುತ್ತದೆಂಬುದನ್ನು ವಿವರಿಸಬೇಕಾಗಿಲ್ಲ. ಪೋಲೀಸು ಪೇದೆಯ ನೇಮಕಾತಿಗೂ ನೂರು ಅಂಕಗಳ ಲಿಖಿತ ಪರೀಕ್ಷೆ ಮರಾಠಿಯಲ್ಲೇ. ಅದರಲ್ಲಿ ಮರಾಠಿ ವ್ಯಾಕರಣವೂ ಒಂದು ಭಾಗ. ಮೈದಾನದ ಓಟದಲ್ಲಿ ಮುಂದಿದ್ದ ಅವನ ಗೆಳೆಯರು ವ್ಯಾಕರಣದ ಮುಂದೆ ಹಿಂದೆ ಬಿದ್ದರು.

ಇಲ್ಲಿ ಒಂದು ಹಳೆಯ ಒಪ್ಪಂದವನ್ನು ನೆನಪಿಸಬೇಕು. ೧೯೫೬ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾದಾಗ ಗಡಿಯ ತಪ್ಪು ಮಗ್ಗುಲಿಗೆ ಬಿದ್ದವರಿಗೆ ರಕ್ಷಣೆ ಬೇಕೆಂದು ಕೇಂದ್ರ ಸರಕಾರ ಒಂದು ಯೋಜನೆಯನ್ನು ಹೊರಡಿಸಿತು. ೧೯೬೧ರಲ್ಲಿ ಮುಖ್ಯಮಂತ್ರಿಗಳ ಸಮ್ಮೇಳನ ಅದನ್ನು ಒಪ್ಪಿ ಇನ್ನಷ್ಟು ಸ್ಪಷ್ಟಗೊಳಿಸಿತು. ನೌಕರಿಯ ಬಗೆಗೆ ಅದರ ಸಾರ ಇಷ್ಟು: ರಾಜ್ಯದ ಅಧಿಕೃತ ಭಾಷೆ ಗೊತ್ತಿರಬೇಕೆಂಬುದನ್ನು ನೇಮಕಾತಿಗೆ ಮೊದಲೇ ಷರತ್ತಾಗಿ ಇಡಬಾರದು. ಆಯ್ಕೆಯಾದ ಮೇಲೆ, ಪ್ರೊಬೇಷನ್ ಮುಗಿಯುವ ಮುಂಚೆ ಭಾಷಾ ಪರೀಕ್ಷೆಯಲ್ಲಿ ತೇರ್ಗಡೆಯಾದರೆ ಸಾಕು. ಇಂಥ ರಕ್ಷಣೆಗಳು ಪಾಲನೆಯಾಗುತ್ತಿವೆಯೇ ಎಂದು ನೋಡಲು ಸಂವಿಧಾನದ ೩೫೦ಬಿ ವಿಧಿಯಂತೆ ಭಾಷಾ ಅಲ್ಪಸಂಖ್ಯಾತರ ಕಮಿಷನರ ಹುದ್ದೆಯೂ ೧೯೫೭ರಲ್ಲಿ ಆರಂಭವಾಯಿತು.

ಮಹಾರಾಷ್ಟ್ರದ ನಿಯಮ ಈ ಒಪ್ಪಂದವನ್ನು ಅಕ್ಷರಶಃ ಮುರಿದಿಲ್ಲ. ಹತ್ತನೆಯ ತರಗತಿಯಲ್ಲಿ ಮರಾಠಿ ಓದದವರು ನೇಮಕವಾದ ಮೇಲೆ ಇಲಾಖೆಯ ಭಾಷಾ ಪರೀಕ್ಷೆ ಬರೆದರಾಯಿತು ಎಂದು ಬರೆದೇ ಇದೆ. ಆದರೆ ನೇಮಕವಾಗಲು ಬರೆಯಬೇಕಾದ ಪರೀಕ್ಷೆಯಲ್ಲೇ ನಾಲ್ಕನೆಯ ಒಂದು ಪಾಲು ಮರಾಠಿ! ಬಾಗಿಲಲ್ಲಿ ತಡೆಯುವುದಿಲ್ಲ, ಹೊಸ್ತಿಲನ್ನು ಮಾತ್ರ ಎತ್ತರಿಸಿದ್ದಾರೆ.

ಇದಕ್ಕೆ ಬೇರೆ ದಾರಿ ಇಲ್ಲವೆಂದಲ್ಲ. ನಮ್ಮ ಕೇರಳದ ಪಿ.ಎಸ್.ಸಿ. ಗುಮಾಸ್ತ ಹುದ್ದೆಯ ಪರೀಕ್ಷೆಯಲ್ಲಿ ಪ್ರಾದೇಶಿಕ ಭಾಷೆಗೆ ಹತ್ತು ಅಂಕಗಳಿವೆ. ಆ ಹತ್ತಕ್ಕೆ ಮಲೆಯಾಳದ ಬದಲು ಕನ್ನಡ ಅಥವಾ ತಮಿಳಿನಲ್ಲಿ ಉತ್ತರಿಸಬಹುದು. ನಮಗೂ ಪಿ.ಎಸ್.ಸಿ.ಯ ಮೇಲೆ ದೂರುಗಳು ಬೇಕಷ್ಟಿವೆ. ಆದರೂ ಈ ಒಂದು ವಿಷಯವನ್ನು ಹೇಳಿದಾಗ ಗೆಳೆಯರ ಮಗ ಅದನ್ನು ಕಾಗದದಲ್ಲಿ ಬರೆದುಕೊಂಡ. ಒಂದು ರಾಜ್ಯದಲ್ಲಿ ಸಾಧ್ಯವಾದದ್ದು ಇನ್ನೊಂದರಲ್ಲಿ ಏಕೆ ಸಾಧ್ಯವಿಲ್ಲ?

ಬೇಕಾದಲ್ಲಿ ಕೇಳದ ಭಾಷೆ

ಇನ್ನು ಇದರ ಮತ್ತೊಂದು ಮುಖ. ತಲಾಠಿಗೂ ಪೇದೆಗೂ ಮರಾಠಿಯನ್ನು ಇಷ್ಟು ಕಟ್ಟುನಿಟ್ಟಾಗಿ ಕೇಳುವ ವ್ಯವಸ್ಥೆ, ಕನ್ನಡ ಶಾಲೆಯ ಶಿಕ್ಷಕರಿಗೆ ಕನ್ನಡವನ್ನು ಅಷ್ಟೇ ಕಟ್ಟುನಿಟ್ಟಾಗಿ ಕೇಳುತ್ತದೆಯೇ? ೨೦೨೪ರಲ್ಲಿ ಪಕ್ಕದ ಸಾಂಗ್ಲಿ ಜಿಲ್ಲೆಯ ಜತ್ತ ತಾಲೂಕಿನ ಕನ್ನಡ ಶಾಲೆಗಳಿಗೆ ಮರಾಠಿ ಮಾಧ್ಯಮದ ಶಿಕ್ಷಕರನ್ನು ನೇಮಿಸಿದ ಸುದ್ದಿ ಪತ್ರಿಕೆಗಳಲ್ಲಿ ಬಂತು. ಪವಿತ್ರ ವ್ಯವಸ್ಥೆಯ ಪರೀಕ್ಷೆಯ ಇನ್ನೂರು ಅಂಕಗಳಲ್ಲಿ ನೂರ ಇಪ್ಪತ್ತು ಅಭಿಯೋಗ್ಯತೆಗೆ, ಎಂಬತ್ತು ಬುದ್ಧಿಮತ್ತೆಗೆ. ಆರು ವರ್ಷದ ಮಗುವಿಗೆ ಕನ್ನಡದಲ್ಲಿ ಕೂಡುವ ಲೆಕ್ಕವನ್ನು ಹೇಳಿಕೊಡಲು ಬರುತ್ತದೆಯೇ ಎಂದು ನೋಡುವ ಭಾಗ ಅದರಲ್ಲಿಲ್ಲ.

ನಮ್ಮ ಜಿಲ್ಲೆಯ ಓದುಗರಿಗೆ ಇದು ಹೊಸ ಸಂಗತಿಯಲ್ಲ. ಕನ್ನಡ ಮಾಧ್ಯಮದ ತರಗತಿಗೆ ಕನ್ನಡ ಬಾರದವರು ನೇಮಕವಾಗಿ ಬಂದು, ಮಕ್ಕಳು ತರಗತಿಯಿಂದ ಹೊರಬಂದು ಕುಳಿತದ್ದನ್ನು ನಾವೇ ಕಂಡಿದ್ದೇವೆ. ಹಾಗೆ ಬಂದ ಅಧ್ಯಾಪಕರನ್ನು ದೂರಿ ಫಲವಿಲ್ಲ. ಅವರೂ ವರ್ಷಗಟ್ಟಲೆ ಕಾದು, ಪರೀಕ್ಷೆ ಬರೆದು, ಆದೇಶ ಹಿಡಿದುಕೊಂಡು ಬಂದವರು. ತಪ್ಪಿರುವುದು ಆಯ್ಕೆಯ ಕ್ರಮದಲ್ಲಿ. ಕೆಲಸಕ್ಕೆ ಏನು ಬೇಕೋ ಅದನ್ನು ಪರೀಕ್ಷಿಸದೆ, ಬೇರೆ ಏನನ್ನೋ ಪರೀಕ್ಷಿಸಿದರೆ ಹೀಗೆಯೇ ಆಗುತ್ತದೆ. ಅಲ್ಲಿ ಕನ್ನಡ ಬಲ್ಲ ತರಬೇತಾದ ಹುಡುಗಿ ಮನೆಯಲ್ಲಿ ಕುಳಿತಿದ್ದಾಳೆ, ಇಲ್ಲಿ ಕನ್ನಡ ಬಾರದ ಶಿಕ್ಷಕರು ಕನ್ನಡ ತರಗತಿಯಲ್ಲಿ ನಿಂತಿದ್ದಾರೆ. ಇಬ್ಬರಿಗೂ ಅನ್ಯಾಯ. ಎಲ್ಲರಿಗಿಂತ ಹೆಚ್ಚಿನ ಅನ್ಯಾಯ ಬೆಂಚಿನ ಮೇಲಿರುವ ಮಕ್ಕಳಿಗೆ.

ನೂರೈವತ್ತು ವರ್ಷಗಳ ಹಿಂದಿನ ಪಾಠ

ಪರೀಕ್ಷೆಯ ಮೂಲಕ ನೌಕರಿ ಕೊಡುವ ಪದ್ಧತಿ ನಮ್ಮ ದೇಶಕ್ಕೆ ಬಂದು ನೂರೈವತ್ತು ವರ್ಷಗಳಿಗೂ ಮೇಲಾಯಿತು. ಅದಕ್ಕೂ ಮೊದಲು ಈಸ್ಟ್ ಇಂಡಿಯಾ ಕಂಪೆನಿಯ ನಿರ್ದೇಶಕರು ತಮ್ಮ ನೆಂಟರಿಷ್ಟರನ್ನು ನೌಕರಿಗೆ ಕಳುಹಿಸುತ್ತಿದ್ದರು. ೧೮೫೫ರಲ್ಲಿ ಲಂಡನಿನಲ್ಲಿ ಸಿವಿಲ್ ಸರ್ವೀಸಿನ ಸ್ಪರ್ಧಾ ಪರೀಕ್ಷೆ ಆರಂಭವಾಯಿತು. ಯಾರು ಬೇಕಾದರೂ ಬರೆಯಬಹುದು, ಜಾತಿ ವರ್ಣಗಳ ಭೇದವಿಲ್ಲ ಎಂದರು. ಆದರೆ ಬರೆಯಬೇಕಾದರೆ ಹಡಗು ಹತ್ತಿ ಲಂಡನಿಗೇ ಹೋಗಬೇಕು. ಅಂಥ ಪರೀಕ್ಷೆಯನ್ನು ೧೮೬೩ರಲ್ಲಿ ಗೆದ್ದ ಮೊದಲ ಭಾರತೀಯರು ಸತ್ಯೇಂದ್ರನಾಥ ಠಾಕೂರರು, ಕವಿ ರವೀಂದ್ರರ ಅಣ್ಣ. ಮುಂಬಯಿ ಪ್ರಾಂತದಲ್ಲಿ ನ್ಯಾಯಾಧೀಶರಾಗಿ ಅವರು ನಮ್ಮ ಕಾರವಾರದಲ್ಲಿಯೂ ಇದೇ ಸೊಲ್ಲಾಪುರದಲ್ಲಿಯೂ ಕೆಲಸ ಮಾಡಿದರು.

ಭಾರತೀಯರು ಗೆಲ್ಲತೊಡಗಿದ ಮೇಲೆ ೧೮೭೦ರ ದಶಕದಲ್ಲಿ ವಯೋಮಿತಿಯನ್ನು ಹತ್ತೊಂಬತ್ತಕ್ಕೆ ಇಳಿಸಿದರು. ಹತ್ತೊಂಬತ್ತರೊಳಗೆ ಇಲ್ಲಿಂದ ಹೋಗಿ ಅಲ್ಲಿ ಓದಿ ಗೆಲ್ಲುವುದು ಎಷ್ಟು ಮಂದಿಗೆ ಸಾಧ್ಯ? ಸುರೇಂದ್ರನಾಥ ಬ್ಯಾನರ್ಜಿಯವರು ಊರೂರು ಸುತ್ತಿ ಇದನ್ನು ವಿರೋಧಿಸಿದರು. ಭಾರತದಲ್ಲೂ ಪರೀಕ್ಷೆ ನಡೆಸಿ ಎಂಬ ಬೇಡಿಕೆ ಈಡೇರಿದ್ದು ೧೯೨೨ರಲ್ಲಿ. ಪರೀಕ್ಷೆ ಎಲ್ಲರಿಗೂ ಒಂದೇ ಎಂದ ಮಾತ್ರಕ್ಕೆ ಅದು ನ್ಯಾಯವಾಗುವುದಿಲ್ಲ. ಎಲ್ಲಿ ನಡೆಯುತ್ತದೆ, ಯಾವಾಗ ನಡೆಯುತ್ತದೆ, ಯಾವ ಭಾಷೆಯಲ್ಲಿ ಎಂಬುದರಲ್ಲೇ ಅರ್ಧ ತೀರ್ಪು ಮುಗಿದಿರುತ್ತದೆ. ಅಂದು ಲಂಡನಿನ ಬಗೆಗೆ ನಮ್ಮ ಹಿರಿಯರು ಹೇಳಿದ್ದನ್ನು ಇಂದು ಮುಂಬಯಿ, ತಿರುವನಂತಪುರ, ಬೆಂಗಳೂರುಗಳಿಗೂ ಹೇಳಬೇಕಾಗಿದೆ.

ಬೆಂಗಳೂರಿನ ಹೆಸರನ್ನು ಸುಮ್ಮನೆ ಹೇಳಲಿಲ್ಲ. ದುಧನಿಯಿಂದ ಕೆಲವೇ ಮೈಲಿ ಹೋದರೆ ಕಲಬುರಗಿ ಜಿಲ್ಲೆ. ಅಲ್ಲಿ ೩೭೧ಜೆ ವಿಧಿಯಂತೆ ಹುದ್ದೆಗಳ ದೊಡ್ಡ ಪಾಲು ಆ ಭಾಗದಲ್ಲಿ ಹುಟ್ಟಿದವರಿಗೆ ಅಥವಾ ನಿಗದಿತ ಕಾಲ ವಾಸಿಸಿದವರಿಗೆ ಮೀಸಲು. ಹಿಂದುಳಿದ ಆ ಜಿಲ್ಲೆಗಳಿಗೆ ಅದು ಬೇಕಾದುದೇ. ಆದರೆ ಅದೇ ಮಾತು, ಅದೇ ಬರ, ಅದೇ ತೊಗರಿಯ ಹೊಲವಿರುವ ಅಕ್ಕಲಕೋಟೆಯ ಹುಡುಗಿ ಆ ಲೆಕ್ಕದಲ್ಲಿ ಹೊರಗಿನವಳು. ಕಾಲೇಜಿನ ಸೀಟಿಗೆ ಗಡಿನಾಡಿನವರೆಂದು ನಮ್ಮನ್ನು ಗುರುತಿಸುವ ಕರ್ನಾಟಕ, ನೌಕರಿಯ ಬಾಗಿಲಲ್ಲಿ ಅಷ್ಟು ಸುಲಭವಾಗಿ ಗುರುತಿಸುವುದಿಲ್ಲ ಎಂಬುದು ನಮ್ಮ ಮಕ್ಕಳ ಅನುಭವವೂ ಹೌದು.

ಸಂದರ್ಶನದ ಕೋಣೆ

ಸರಕಾರಿ ಪರೀಕ್ಷೆಗಾಗಿ ಕಾಯುತ್ತಿದ್ದಾಗ ಮಗಳು ಒಂದು ಖಾಸಗಿ ಸಂಸ್ಥೆಯ ಸಂದರ್ಶನಕ್ಕೂ ಹೋಗಿದ್ದಳು. ಬೆಳಗ್ಗೆ ಹತ್ತಕ್ಕೆ ಬರಹೇಳಿ ಸಂಜೆ ನಾಲ್ಕಕ್ಕೆ ಒಳಗೆ ಕರೆದರಂತೆ. ಯಾವ ಊರು, ತಂದೆ ಏನು ಮಾಡುತ್ತಾರೆ, ಮದುವೆ ಯಾವಾಗ, ಕಟ್ಟಡದ ನಿಧಿಗೆ ಎಷ್ಟು ಕೊಡಬಲ್ಲಿರಿ ಎಂಬ ನಾಲ್ಕು ಪ್ರಶ್ನೆಗಳು. ಪಾಠದ ವಿಷಯ ಒಂದೂ ಇಲ್ಲ. ಆಮೇಲೆ ಉತ್ತರವೂ ಬರಲಿಲ್ಲ. ಆಯ್ಕೆಯಾಗಿಲ್ಲ ಎಂದು ಒಂದು ಸಾಲು ಬರೆದರೆ ಸಂಸ್ಥೆಯ ಗೌರವಕ್ಕೆ ಏನೂ ಕಡಿಮೆಯಾಗುತ್ತಿರಲಿಲ್ಲ.

ಕೆಲಸವನ್ನೇ ನೋಡಿ ಆಯ್ಕೆ ಮಾಡುವುದು ಹೇಗೆಂಬುದಕ್ಕೆ ದೂರದ ಒಂದು ಉದಾಹರಣೆ ಇದೆ. ಅಮೆರಿಕದ ದೊಡ್ಡ ವಾದ್ಯವೃಂದಗಳಲ್ಲಿ ಒಂದು ಕಾಲಕ್ಕೆ ಹೆಂಗಸರು ಬಹಳ ಕಡಿಮೆಯಿದ್ದರು. ೧೯೭೦, ೮೦ರ ದಶಕಗಳಲ್ಲಿ ಅನೇಕ ವೃಂದಗಳು ಅಭ್ಯರ್ಥಿಯನ್ನು ಪರದೆಯ ಹಿಂದೆ ಕೂರಿಸಿ ನುಡಿಸಲು ಹೇಳತೊಡಗಿದವು. ಪರೀಕ್ಷಕರಿಗೆ ಮುಖ ಕಾಣದು, ವಾದ್ಯ ಮಾತ್ರ ಕೇಳುತ್ತದೆ. ಕ್ಲಾಡಿಯಾ ಗೋಲ್ಡಿನ್ ಮತ್ತು ಸಿಸಿಲಿಯಾ ರೌಸ್ ಎಂಬ ಅರ್ಥಶಾಸ್ತ್ರಜ್ಞೆಯರು ೨೦೦೦ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪರದೆ ಬಂದ ಮೇಲೆ ಹೆಂಗಸರು ಮುಂದಿನ ಸುತ್ತಿಗೆ ಹೋಗುವ ಸಂಭವ ಹೆಚ್ಚಿತೆಂದು ತೋರಿಸಿದರು. ಶಿಕ್ಷಕರನ್ನು ಪರದೆಯ ಹಿಂದೆ ನಿ��್ಲಿಸಲಾಗದು ನಿಜ. ಆದರೆ ಇಪ್ಪತ್ತು ಮಕ್ಕಳ ಮುಂದೆ ಇಪ್ಪತ್ತು ನಿಮಿಷ ನಿಲ್ಲಿಸಬಹುದಲ್ಲ! ಟಿ.ಸಿ.ಎಚ್. ಕಾಲದಲ್ಲಿ ನಮ್ಮ ಮಾದರಿ ಪಾಠವನ್ನು ಕೇಳಿದ ಗುರುಗಳಿಗೆ ಹತ್ತೇ ನಿಮಿಷದಲ್ಲಿ ನಾವು ಎಂಥವರೆಂದು ಗೊತ್ತಾಗುತ್ತಿತ್ತು.

ಆಗಬೇಕಾದ ಕೆಲಸ

ನಾವು ಕಂಡದ್ದರಿಂದ ನಮಗೆ ತೋಚುವುದು ಇಷ್ಟು. ಇವುಗಳಲ್ಲಿ ಹೆಚ್ಚಿನವಕ್ಕೆ ದೊಡ್ಡ ಹಣವೂ ಬೇಡ, ಹೊಸ ಕಾಯಿದೆಯೂ ಬೇಡ.

ಒಂದು, ಶಾಲೆಯ ವಾರ್ಷಿಕ ಪರೀಕ್ಷೆಗೆ ತಿಂಗಳು ಗೊತ್ತಿರುವಂತೆ ಅರ್ಹತಾ ಪರೀಕ್ಷೆಗೂ ನೇಮಕಾತಿ ಪರೀಕ್ಷೆಗೂ ವರ್ಷದಲ್ಲಿ ಒಂದು ತಿಂಗಳು ನಿಗದಿಯಾಗಬೇಕು. ಹುದ್ದೆ ಕಡಿಮೆಯಿದ್ದರೆ ಕಡಿಮೆಯೆಂದು ಹೇಳಲಿ. ತಿಳಿದವರು ಬೇರೆ ದಾರಿ ನೋಡಿಕೊಳ್ಳುತ್ತಾರೆ.

ಎರಡು, ಕನ್ನಡ ಮಾಧ್ಯಮದ ಹುದ್ದೆಗೆ ಕನ್ನಡದ ಲಿಖಿತ ಪರೀಕ್ಷೆ ಮತ್ತು ಮಕ್ಕಳ ಮುಂದೆ ಒಂದು ಪಾಠ ನೇಮಕಕ್ಕೆ ಮೊದಲೇ ಕಡ್ಡಾಯವಾಗಬೇಕು. ಕನ್ನಡ ಬಲ್ಲವರು ಸಿಗದಿದ್ದರೆ ಹುದ್ದೆಯನ್ನು ಮತ್ತೆ ಪ್ರಕಟಿಸಬೇಕೇ ಹೊರತು ಬೇರೆ ಮಾಧ್ಯಮದವರಿಂದ ತುಂಬಬಾರದು.

ಮೂರು, ಉಳಿದ ಹುದ್ದೆಗಳಿಗೆ ೧೯೬೧ರ ಒಪ್ಪಂದದ ಮಾತು ಉಳಿಯಬೇಕು. ರಾಜ್ಯ ಭಾಷೆಯ ಅಂಕಗಳ ಬದಲು ಅಲ್ಪಸಂಖ್ಯಾತರಿಗೆ ತಮ್ಮ ಭಾಷೆಯಲ್ಲಿ ಉತ್ತರಿಸುವ ಅವಕಾಶ ಕೊಟ್ಟು, ನೌಕರಿಗೆ ಬಂದ ಮೇಲೆ ಭಾಷಾ ಪರೀಕ್ಷೆ ನಡೆಸಲಿ. ಜನರ ಕೆಲಸ ಮಾಡುವವನಿಗೆ ಜನರ ಭಾಷೆ ಬರಬೇಕೆಂಬುದರಲ್ಲಿ ಎರಡು ಮಾತಿಲ್ಲ. ಹಾಗಾದರೆ ಕನ್ನಡದ ಹಳ್ಳಿಗೆ ಹೋಗುವ ತಲಾಠಿಗೆ ಕನ್ನಡ ಬರುವುದೂ ಒಂದು ಯೋಗ್ಯತೆಯೆಂದು ಎಣಿಸಬೇಕು.

ನಾಲ್ಕು, ಖಾಸಗಿ ಸಂಸ್ಥೆಗಳು ಎಲ್ಲ ಅಭ್ಯರ್ಥಿಗಳಿಗೂ ಅವೇ ಪ್ರಶ್ನೆಗಳನ್ನು ಕೇಳಲಿ, ಅಂಕಗಳನ್ನು ಬರೆದಿಡಲಿ, ಹೊರಗಿನ ಒಬ್ಬ ನಿವೃತ್ತ ಅಧ್ಯಾಪಕರನ್ನಾದರೂ ಜೊತೆಗೆ ಕೂರಿಸಿಕೊಳ್ಳಲಿ. ಆಯ್ಕೆಯಾಗದವರಿಗೂ ಉತ್ತರ ಬರೆಯಲಿ.

ನಮ್ಮ ಪಾಲಿನದು

ಸರಕಾರಗಳಿಗೆ ಹೇಳಿದ ಮೇಲೆ ನಮಗೆ ನಾವೂ ಹೇಳಿಕೊಳ್ಳಬೇಕು. ಕನ್ನಡ ಶಾಲೆಗೆ ಮಕ್ಕಳನ್ನು ಕಳುಹಿಸದೆ ಕನ್ನಡ ಶಿಕ್ಷಕರ ಹುದ್ದೆ ಉಳಿಯಬೇಕೆಂದರೆ ಹೇಗೆ? ಮಕ್ಕಳ ಸಂಖ್ಯೆಯಂತೆ ಹುದ್ದೆ. ಹತ್ತು ಮಕ್ಕಳು ಇಂಗ್ಲಿಷು ಶಾಲೆಯ ಬಸ್ಸು ಹತ್ತಿದರೆ ನಾಳೆ ಒಬ್ಬ ಕನ್ನಡ ತರುಣಿಯ ಕುರ್ಚಿ ಹೋಗುತ್ತದೆ. ಅಕ್ಕಲಕೋಟೆಯಲ್ಲಿಯೂ ಇದೇ ನಡೆಯುತ್ತಿದೆ, ನಮ್ಮಲ್ಲಿಯೂ ಇದೇ.

ರಾಜ್ಯದ ಭಾಷೆಯನ್ನು ಕಲಿಯುವುದರಲ್ಲಿ ಮೈಗಳ್ಳತನ ಸಲ್ಲದು. ಅಲ್ಲಿನವರು ಮರಾಠಿಯನ್ನೂ ನಾವು ಮಲೆಯಾಳವನ್ನೂ ಪೇಟೆಯ ಮಟ್ಟಕ್ಕೆ ಕಲಿತು ಬಿಡುತ್ತೇವೆ. ಹೈಸ್ಕೂಲಿನಲ್ಲೇ ದಿನಕ್ಕೆ ಅರ್ಧ ಗಂಟೆ ಅದರ ವ್ಯಾಕರಣವನ್ನೂ ಓದಿದರೆ ಹೊಸ್ತಿಲು ಅಷ್ಟು ಎತ್ತರವೆನಿಸದು. ಇದರಿಂದ ಕನ್ನಡಕ್ಕೆ ದ್ರೋಹವಾಗುವುದಿಲ್ಲ.

ಕೇಂದ್ರ ಸರಕಾರದ ಪರೀಕ್ಷೆಗಳಲ್ಲಿ ಈಗ ಕನ್ನಡಕ್ಕೆ ಜಾಗ ಸಿಕ್ಕಿದೆ ಎಂಬುದು ಅನೇಕ ಮನೆಗಳಿಗೆ ತಿಳಿದೇ ಇಲ್ಲ. ಸ್ಟಾಫ್ ಸೆಲೆಕ್ಷನ್ ಕಮಿಷನಿನ ಎಂ.ಟಿ.ಎಸ್. ಪರೀಕ್ಷೆ ೨೦೨೩ರಿಂದ ಹಿಂದಿ, ಇಂಗ್ಲಿಷುಗಳಲ್ಲದೆ ಹದಿಮೂರು ಭಾಷೆಗಳಲ್ಲಿ ನಡೆಯುತ್ತಿದ್ದು, ಅವುಗಳಲ್ಲಿ ಕನ್ನಡವೂ ಇದೆ. ಕೇಂದ್ರ ಮೀಸಲು ಪಡೆಗಳ ಪೇದೆ ಪರೀಕ್ಷೆಗೆ ೨೦೨೪ರಿಂದ ಇದೇ ವ್ಯವಸ್ಥೆ. ರೈಲ್ವೆಯ ಪರೀಕ್ಷೆಗಳನ್ನೂ ಕನ್ನಡದಲ್ಲಿ ಬರೆಯಬಹುದು. ದೆಹಲಿ ಕನ್ನಡದಲ್ಲಿ ಪ್ರಶ್ನೆ ಕೇಳಲು ಒಪ್ಪಿರುವಾಗ ನಮ್ಮ ಮಕ್ಕಳು ಅರ್ಜಿಯನ್ನೇ ಹಾಕದಿರುವುದು ನಷ್ಟ. ಊರಿನ ಗ್ರಂಥಾಲಯದಲ್ಲಿ ವಾರಕ್ಕೊಮ್ಮೆ ನಾಲ್ಕು ಮಂದಿ ಕುಳಿತು ಜಾಹೀರಾತುಗಳನ್ನು ನೋಡಿ, ದಿನಾಂಕಗಳನ್ನು ಗೋಡೆಗೆ ಅಂಟಿಸಿದರೂ ದೊಡ್ಡ ಉಪಕಾರ.

ಕರ್ನಾಟಕದಲ್ಲಿ ಕನ್ನಡ ಮಾಧ್ಯಮದ ಮೀಸಲಾತಿ ಎಂಬುದಿದೆ. ಅದಕ್ಕೆ ಒಂದರಿಂದ ಹತ್ತನೆಯ ತರಗತಿಯವರೆಗೂ ಕನ್ನಡದಲ್ಲಿ ಓದಿದ ದಾಖಲೆ ಬೇಕು. ಕೊನೆಯ ದಿನ ಓಡಾಡುವ ಬದಲು ಹತ್ತನೆಯ ತರಗತಿ ಮುಗಿದ ಕೂಡಲೇ ಶಾಲೆಯಿಂದ ಆ ಪತ್ರಗಳನ್ನು ಪಡೆದಿಟ್ಟುಕೊಳ್ಳುವುದು ಲೇಸು. ಅನ್ಯಾಯವಾದಾಗ ಬಾಯಿಮಾತಿನ ಗೊಣಗಾಟದಿಂದ ಏನೂ ಆಗದು. ೧೯೬೧ರ ಒಪ್ಪಂದವನ್ನು ಹೆಸರಿಸಿ, ಹುದ್ದೆಯ ಜಾಹೀರಾತನ್ನು ಲಗತ್ತಿಸಿ, ಭಾಷಾ ಅಲ್ಪಸಂಖ್ಯಾತರ ಕಮಿಷನರ ಕಚೇರಿಗೂ ಜಿಲ್ಲಾಧಿಕಾರಿಗೂ ಬರೆದು ಕಳುಹಿಸಬೇಕು.

ಹೊರಡುವ ದಿನ ಬೆಳಗ್ಗೆ ಗೆಳೆಯರ ಅಂಗಳದಲ್ಲಿ ಏಳೆಂಟು ಮಕ್ಕಳು ನೆರೆದಿದ್ದರು. ರಜೆಯಲ್ಲಿ ಮಗಳು ನೆರೆಕರೆಯ ಮಕ್ಕಳಿಗೆ ಪಾಠ ಹೇಳುತ್ತಾಳೆ, ಹಣ ತೆಗೆದುಕೊಳ್ಳುವುದಿಲ್ಲ. ಬೇವಿನ ಮರದ ಕೆಳಗೆ ಜೋಳದ ಕಾಳುಗಳನ್ನು ಹರಡಿ ಹತ್ತರ ಗುಂಪು ಮಾಡಿಸುತ್ತಿದ್ದಳು. ಒಂದು ಮಗು ತಪ್ಪಿದಾಗ ಬೈಯದೆ, ಮತ್ತೆ ಎಣಿಸು ಎಂದು ಕಾದಳು. ಮಗು ಎಣಿಸಿ ಸರಿ ಮಾಡಿತು. ಇಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ ಪಾಠ ಹೇಳಿದ ನಮಗೆ ಆಕೆಯ ಯೋಗ್ಯತೆಯ ಬಗೆಗೆ ಬೇರೆ ಪರೀಕ್ಷೆ ಬೇಕಾಗಲಿಲ್ಲ.

ಜೂನಿನಲ್ಲಿ ಗೆಳೆಯರು ಫೋನು ಮಾಡಿದರು. ಮಗಳು ಪರೀಕ್ಷೆ ಬರೆದು ಬಂದಳಂತೆ. "ಪಟ್ಟಿ ಯಾವಾಗ?" ಎಂದು ನಾವು ಕೇಳಿದೆವು. "ಅದನ್ನ ಯಾರ ಹೇಳ್ತಾರ್ರೀ?" ಎಂದರು. ಆ ಪ್ರಶ್ನೆಗೆ ತಾರೀಕು ಹಾಕಿ ಉತ್ತರ ಹೇಳುವುದು ಸರಕಾರದ ಕೆಲಸ. ಆ ಉತ್ತರವನ್ನು ಬಿಡದೆ ಕೇಳುವುದು ಅಕ್ಕಲಕೋಟೆಯವರ ಕೆಲಸ, ಅವರ ಜೊತೆಗೆ ನಮ್ಮದೂ.